ಲೋಗೊ ಮೊದಲಾಯಿತು, ದನಿ ಹಿಂದಾಯಿತು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈ ನಾಲ್ಕರಲ್ಲಿ ಯಾವ ಊರಿನ ಫ್ಲೆಕ್ಸ್ ಅಂಗಡಿಗಾದರೂ ಹೋಗಿ ಕೇಳಿ ನೋಡಿ. ಹೊಸದಾಗಿ ಚಾನೆಲ್ ಮಾಡುವ ಹುಡುಗರು ಮೊದಲು ಮಾಡಿಸುವುದು ಏನು? ಮೈಕಿನ ಕುತ್ತಿಗೆಗೆ ಸಿಕ್ಕಿಸುವ ನಾಲ್ಕು ಮುಖದ ಲೋಗೊ ಡಬ್ಬಿ. ಕೆಂಪು ಬಣ್ಣ, ಹಳದಿ ಅಕ್ಷರ, ಮೇಲೊಂದು ಸಿಡಿಲಿನ ಚಿತ್ರ. ಮೈಕು ಇನ್ನೂ ಬಂದಿರುವುದಿಲ್ಲ, ಲೋಗೊ ಮಾತ್ರ ತಯಾರಾಗಿರುತ್ತದೆ.

ಇದನ್ನು ನಾವು ಬೇರೆಯವರನ್ನು ನೋಡಿ ನಗಲು ಬರೆಯುತ್ತಿಲ್ಲ. ಪತ್ರಿಕೋದ್ಯಮ ಓದಿ ಊರಿಗೆ ಬಂದು ನಾವು ಮಾಡಿಸಿದ ಮೊದಲ ವಸ್ತುವೂ ಅದೇ. ಅದಕ್ಕೆ ನಾವು ತೆತ್ತ ಬೆಲೆ ಏನು ಅನ್ನುವುದನ್ನು ಮೊದಲು ಹೇಳಿ, ಆಮೇಲೆ ಜಗಳಕ್ಕೆ ಬರುತ್ತೇವೆ.

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಆಷಾಢದ ದಿನ. ಎಂಬತ್ತು ದಾಟಿದ ಒಬ್ಬ ಅಮ್ಮ ಗುಡಿ ಕಟ್ಟೆಯ ಮೇಲೆ ಕುಳಿತು ಬೀಸುವ ಪದ ಹಾಡಿದರು. ನಲವತ್ತು ನಿಮಿಷ ಎಡೆಬಿಡದೆ ಹಾಡಿದರು. ಬೀಸುಕಲ್ಲು ಮನೆಯಿಂದ ಹೋಗಿ ಎಷ್ಟೋ ವರ್ಷವಾಗಿತ್ತು, ಪದ ಮಾತ್ರ ಅವರ ಬಾಯಲ್ಲಿ ಉಳಿದಿತ್ತು. ನಾವು ಲೋಗೊ ಕಾಣುವ ಹಾಗೆ ಮೈಕು ತಿರುಗಿಸಿ ಹಿಡಿದು ರೆಕಾರ್ಡ್ ಮಾಡಿಕೊಂಡೆವು. ರಾತ್ರಿ ಮನೆಗೆ ಬಂದು ಕೇಳಿದರೆ ಬರೀ ಗಾಳಿ. ತಗಡಿನ ಮೇಲೆ ಗೋಣಿಚೀಲ ಬಡಿದ ಹಾಗೆ ಬುಡು ಬುಡು ಸದ್ದು. ಅದರ ನಡುವೆ ಅಲ್ಲೊಂದು ಇಲ್ಲೊಂದು ಶಬ್ದ.

ಮತ್ತೆ ಹೋದರಾಯಿತು ಅಂದುಕೊಂಡೆವು. ದಸರೆ ಕಳೆದ ಮೇಲೆ ಹೋದೆವು. ಅಮ್ಮ ತೀರಿಕೊಂಡು ಹದಿನೈದು ದಿನವಾಗಿತ್ತು. ಅವರ ಸೊಸೆ ನಮ್ಮನ್ನು ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ಒಂದೇ ಮಾತು ಕೇಳಿದರು: “ತಮ್ಮಾ, ಆವತ್ತ ಮೊಬೈಲಿನ್ಯಾಗ ಹಿಡದಿದ್ರೆಲ್ಲ, ಅದನ್ನಷ್ಟ ಹಚ್ಚರಿ. ನಮ್ಮತ್ತಿ ದನಿ ಒಮ್ಮಿ ಕೇಳತೀವಿ.”

ಹಚ್ಚಲು ನಮ್ಮ ಹತ್ತಿರ ಇದ್ದದ್ದು ಗಾಳಿ. ಲೋಗೊ ಡಬ್ಬಿಗೆ ನಾವು ಕೊಟ್ಟಿದ್ದು ನಾನೂರೈವತ್ತು ರೂಪಾಯಿ. ಆ ಗಾಳಿ ತಡೆಯುವ ಕೂದಲಿನ ಟೊಪ್ಪಿಗೆ ಬೇಕಿದ್ದದ್ದು ಇನ್ನೂರು.

ಅದಕ್ಕೇ ಹೇಳುತ್ತಿದ್ದೇವೆ: ನಮ್ಮ ಭಾಗದ ಮೈಕು ಹಿಡಿಯುವವರಿಗೆ ಯಾವುದನ್ನು ಮೊದಲು ಕೊಳ್ಳಬೇಕು ಅನ್ನುವುದು ಬರೀ ರೊಕ್ಕದ ಪ್ರಶ್ನೆಯಲ್ಲ. ಯಾರಿಗಾಗಿ ಮೈಕು ಹಿಡಿದಿದ್ದೇವೆ ಅನ್ನುವ ಪ್ರಶ್ನೆ.

ಲೋಗೊ ಯಾರ ಕಡೆ ತಿರುಗಿರುತ್ತದೆ?

ಲೋಗೊ ಡಬ್ಬಿ ಮಾತನಾಡುವವರಿಗೆ ಏನೂ ಮಾಡುವುದಿಲ್ಲ. ಕೇಳುವವರಿಗೂ ಏನೂ ಮಾಡುವುದಿಲ್ಲ. ಅದು ಕೆಲಸ ಮಾಡುವುದು ಹಿಡಿದವನಿಗೆ ಮಾತ್ರ. “ನಾ ಯಾರ ಗೊತ್ತಾತೇನು?” ಅಂತ ಎದುರಿನವರಿಗೆ ಹೇಳುವ ಬೋರ್ಡು ಅದು. ಕೆಲವರ ಕೈಯಲ್ಲಿ ಅದು ಬೋರ್ಡೂ ಅಲ್ಲ, ಬಡಿಗೆ. ಅಂಗಡಿ ಮುಂದೆ, ಪಂಚಾಯಿತಿ ಮುಂದೆ ಅದನ್ನು ಹಿಡಿದು ನಿಂತು ರೊಕ್ಕ ಕೇಳುವವರಿದ್ದಾರೆ ಅನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ಅಂಥವರಿಗೆ ದನಿ ಸ್ವಚ್ಛ ಬಂತೋ ಇಲ್ಲವೋ ಬೇಕಿಲ್ಲ. ರೆಕಾರ್ಡ್ ಬಟನ್ ಒತ್ತದಿದ್ದರೂ ಅವರ ಕೆಲಸ ಆಗುತ್ತದೆ.

ಆದರೆ ನಮ್ಮ ಕೆಲಸ ಆಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆ ಕಾಲುವೆಯನ್ನು ನಂಬಿ ನೆಲ್ಲು ಹಚ್ಚಿದ್ದ ರೈತರಿಗೆ ಎದೆ ಒಡೆದ ಹಾಗಾಗಿತ್ತು. ಎಷ್ಟೋ ಮೊಬೈಲುಗಳು, ಎಷ್ಟೋ ಲೋಗೊಗಳು ಅಲ್ಲಿಗೆ ಓಡಿದವು. ಅವತ್ತಿನ ವಿಡಿಯೊ ತೆಗೆದು ಈಗ ಕಣ್ಣು ಮುಚ್ಚಿ ಕೇಳಿ ನೋಡಿ. ನಮ್ಮವೂ ಸೇರಿ ಬಹಳಷ್ಟರಲ್ಲಿ ಕೇಳುವುದು ನೀರಿನ ಅಬ್ಬರ, ಗಾಳಿ ಮತ್ತು ನಿರೂಪಕನ ಕೂಗು. ಎದುರು ನಿಂತ ರೈತ ಏನೋ ಹೇಳುತ್ತಿದ್ದಾನೆ, ತುಟಿ ಅಲುಗುತ್ತಿದೆ, ಮಾತು ಇಲ್ಲ. ಮೈಕು ನಿರೂಪಕನ ಬಾಯಿಗೆ ಗೇಣು ದೂರ, ರೈತನ ಬಾಯಿಗೆ ಮಾರುದ್ದ ದೂರ.

ದೂರ ಎರಡು ಪಟ್ಟಾದರೆ ದನಿಯ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಇದು ಶಾಲೆಯಲ್ಲಿ ಕಲಿತ ವಿಜ್ಞಾನ. ಮೈಕನ್ನು ಯಾರ ಹತ್ತಿರ ಒಯ್ಯುತ್ತೀರಿ ಅನ್ನುವುದೇ ನೀವು ಯಾರ ಪತ್ರಕರ್ತರು ಅನ್ನುವುದನ್ನು ಹೇಳುತ್ತದೆ.

ಗಾಳಿ ನಮ್ಮೂರಿನದು

ಕುಷ್ಟಗಿ, ಯಲಬುರ್ಗಾ ಕಡೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಈ ಭಾಗದಲ್ಲಿ ಗಾಳಿ ಐತಿ ಅಂತಲೇ ನಿಲ್ಲಿಸಿದ್ದಾರೆ. ಕಂಪನಿಯವರಿಗೆ ಗೊತ್ತಾದ ಸಂಗತಿ ಮೈಕು ಹಿಡಿಯುವ ನಮಗೆ ಗೊತ್ತಾಗಲಿಲ್ಲ.

ಮೈಕಿನ ಮೇಲಿರುವ ಕಪ್ಪು ಸ್ಪಂಜಿನ ಟೊಪ್ಪಿಗೆ ಮನೆಯೊಳಗೆ ಸಾಕು. ಬಾಯಿಂದ ಬರುವ ಉಸಿರನ್ನು ಅದು ತಡೆಯುತ್ತದೆ. ಹೊಲದಲ್ಲಿ, ಕಟ್ಟೆಯ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಅದು ಸಾಲದು. ಅಲ್ಲಿ ಕೂದಲು ಕೂದಲಾಗಿರುವ ಟೊಪ್ಪಿಗೆ ಬೇಕು. ನಮ್ಮ ಹುಡುಗರು ಅದನ್ನು ‘ಬೆಕ್ಕು’ ಅನ್ನುತ್ತಾರೆ. ಆ ಕೂದಲು ಗಾಳಿಯ ವೇಗ ಮುರಿಯುತ್ತದೆ, ಒಳಗೆ ಮೈಕಿನ ಸುತ್ತ ಗಾಳಿ ಅಲುಗದೆ ನಿಲ್ಲುತ್ತದೆ, ದನಿ ಮಾತ್ರ ದಾಟಿ ಬರುತ್ತದೆ. ಕಾಲರಿಗೆ ಸಿಕ್ಕಿಸುವ ಚಿಕ್ಕ ಮೈಕಿಗೂ ಅಂಥದ್ದೇ ಚಿಕ್ಕ ಟೊಪ್ಪಿಗೆ ಸಿಗುತ್ತದೆ. ಅದೂ ಇಲ್ಲದಿದ್ದರೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಗೋಡೆ ಮರೆಗೆ ಹೋಗಿ, ಮಾತನಾಡುವವರನ್ನು ಟ್ರ್ಯಾಕ್ಟರ್ ಮರೆಗೆ ಕೂರಿಸಿ. ಅದಕ್ಕೆ ರೊಕ್ಕ ಬೇಕಿಲ್ಲ.

ಇನ್ನು ಬಾಯಿಯ ಗಾಳಿ. ಅಂಗೈಯನ್ನು ಬಾಯಿ ಮುಂದೆ ಹಿಡಿದು ‘ಪಂಪಾಪತಿ’ ಅಂತ ಒಮ್ಮೆ ಅನ್ನಿ. ಪ್ರತಿ ‘ಪ’ಗೆ ಕೈಗೆ ಗಾಳಿ ಹೊಡೆಯಿತಲ್ಲ? ಅದೇ ಗಾಳಿ ಮೈಕಿಗೆ ಹೊಡೆದರೆ ‘ಧಪ್’ ಅನ್ನುತ್ತದೆ. ಪ, ಫ, ಬ, ಭ ಎಲ್ಲಕ್ಕೂ ಹೀಗೆಯೇ. ಇದಕ್ಕೆ ಪಾಪ್ ಫಿಲ್ಟರ್ ಅಂತ ದುಂಡನೆಯ ಜಾಲರಿ ಮಾರುತ್ತಾರೆ. ಕಸೂತಿ ಹಾಕುವ ಕಟ್ಟಿಗೆಯ ರಿಂಗಿಗೆ ತೆಳು ನೈಲಾನ್ ಬಟ್ಟೆಯನ್ನು ಎರಡು ಪದರ ಬಿಗಿದು ಮೈಕಿನಿಂದ ನಾಲ್ಕು ಬೆರಳು ಮುಂದೆ ನಿಲ್ಲಿಸಿದರೂ ನಡೆಯುತ್ತದೆ. ಅದೂ ಬೇಡ ಅಂದರೆ ಮೈಕನ್ನು ಬಾಯಿಗೆ ನೇರ ಇಡದೆ ಕೊಂಚ ಪಕ್ಕಕ್ಕೆ ಇಡಿ.

ಕೌದಿ ಇರುವ ಮನೆಯಲ್ಲಿ ಸ್ಟುಡಿಯೊ ಯಾಕೆ?

ಯೂಟ್ಯೂಬಿನಲ್ಲಿ ನೋಡಿ ಬಂದ ಹುಡುಗರು ಗೋಡೆಗೆ ಮೊಟ್ಟೆ ಟ್ರೇ ಬಡಿಯುತ್ತಾರೆ. ಇಲ್ಲವೆ ಬೆರಳು ದಪ್ಪದ ಫೋಮ್ ಹಾಳೆ ತರಿಸಿ ಅಂಟಿಸುತ್ತಾರೆ. ಹೊರಗಿನ ಸದ್ದು ಬರಲ್ಲ ಅಂತ ಅವರ ನಂಬಿಕೆ. ಬರುತ್ತದೆ. ತೆಳು ಫೋಮು ಒಳಗಿನ ಮರುದನಿಯನ್ನು ಸ್ವಲ್ಪ ಹೀರುತ್ತದೆ ಅಷ್ಟೆ. ಗಂಗಾವತಿಯ ರೈಸ್ ಮಿಲ್ಲಿನ ಸದ್ದನ್ನಾಗಲಿ, ಗಿಣಿಗೇರಿ ಕಡೆಯ ಲಾರಿ ಸಾಲಿನ ಸದ್ದನ್ನಾಗಲಿ ಅದು ನಿಲ್ಲಿಸುವುದಿಲ್ಲ. ಮೊಟ್ಟೆ ಟ್ರೇ ಅಂತೂ ಹೆಚ್ಚುಕಮ್ಮಿ ಏನೂ ಮಾಡುವುದಿಲ್ಲ. ಹಲ್ಲಿಗೆ ಮನೆ ಆಗುತ್ತದೆ.

ನಮ್ಮ ಮನೆಗಳ ತೊಂದರೆ ಬೇರೆ. ಕಲ್ಲಿನ ಗೋಡೆ, ಬಂಡೆ ಹಾಸಿದ ನೆಲ, ಆರ್‌ಸಿಸಿ ಛತ್ತು, ತಗಡಿನ ಶೆಡ್ಡು. ಇಂಥ ಕಡೆ ಮಾತು ಗೋಡೆಗೆ ಬಡಿದು ತಿರುಗಿ ಬರುತ್ತದೆ, ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಅದಕ್ಕೆ ಔಷಧಿ ನಿಮ್ಮ ಹಾಸಿಗೆ ಗಂಟಿನಲ್ಲೇ ಇದೆ. ಹಳೇ ಸೀರೆ, ಹಳೇ ಧೋತರ ಪದರದ ಮೇಲೆ ಪದರ ಇಟ್ಟು ನಿಮ್ಮ ಅಜ್ಜಿ ಹೊಲಿದ ಕೌದಿ. ಮಾತನಾಡುವವರ ಬೆನ್ನ ಹಿಂದೆ ಒಂದು, ಮೈಕಿನ ಹಿಂದೆ ಒಂದು, ಕಾಲ ಕೆಳಗೆ ಒಂದು. ಜೋಳದ ಚೀಲ, ಹತ್ತಿ ಅಂಡಿಗೆ ಒಟ್ಟಿದ ಕೋಣೆ ಇದ್ದರೆ ಇನ್ನೂ ಚಲೋ. ಊರಲ್ಲಿ ಅದಕ್ಕಿಂತ ಒಳ್ಳೆಯ ಕೋಣೆಯನ್ನು ನಾವು ಕಂಡಿಲ್ಲ.

ಹೊರಗಿನ ಸದ್ದಿಗೆ ಇರುವುದು ಒಂದೇ ಉಪಾಯ, ಹೊತ್ತು ನೋಡಿ ಕೂರುವುದು. ಬೆಳಗಿನ ಜಾವ ಒಳ್ಳೆಯದು. ಕರೆಂಟ್ ಹೋದ ಹೊತ್ತು ಇನ್ನೂ ಒಳ್ಳೆಯದು. ಫ್ಯಾನ್ ನಿಲ್ಲುತ್ತದೆ, ಪಕ್ಕದ ಮನೆ ಟಿವಿ ನಿಲ್ಲುತ್ತದೆ, ಗಿರಣಿ ನಿಲ್ಲುತ್ತದೆ. ಮೊಬೈಲಿಗೆ ಬ್ಯಾಟರಿ ಇದ್ದರೆ ಆಯಿತು. ಕರೆಂಟ್ ಹೋಯಿತು ಅಂತ ಬೈಯುವ ಬದಲು ಕೆಂಪು ಬಟನ್ ಒತ್ತಿ.

ಬಣ್ಣದ ದೀಪಕ್ಕೆ ಮರುಳಾಗಬೇಡಿ

ದೊಡ್ಡ ಬಾಯಿಯ ಕಂಡೆನ್ಸರ್ ಮೈಕು, ಬಣ್ಣ ಬಣ್ಣದ ದೀಪದ ಸೌಂಡ್ ಕಾರ್ಡು, ಮಡಚುವ ತೋಳು, ಎಲ್ಲ ಸೇರಿ ‘ಪಾಡ್‌ಕಾಸ್ಟ್ ಕಿಟ್’ ಅಂತ ಒಂದೇ ಡಬ್ಬಿಯಲ್ಲಿ ಮಾರುತ್ತಾರೆ. ನೋಡಲು ಜಾತ್ರೆ ಅಂಗಡಿ. ಆದರೆ ಸ್ಟುಡಿಯೊ ತರದ ಕಂಡೆನ್ಸರ್ ಮೈಕಿಗೆ ಸಾಮಾನ್ಯವಾಗಿ 48 ವೋಲ್ಟ್ ವಿದ್ಯುತ್ ಬೇಕು. ಮೊಬೈಲಿನ ತೂತಿನಿಂದ ಅದು ಬರುವುದಿಲ್ಲ. ಬಂದರೂ ಅಂಥ ಮೈಕು ಇಡೀ ಓಣಿಯ ಸದ್ದನ್ನು ಎಳೆದುಕೊಳ್ಳುತ್ತದೆ. ಕೋಳಿ, ಕುಕ್ಕರ್, ಬೈಕು, ಮಸೀದಿ, ಗುಡಿ ಎಲ್ಲ ನಿಮ್ಮ ಪಾಡ್‌ಕಾಸ್ಟಿಗೆ ಅತಿಥಿಗಳೇ.

ಭಜನೆಯವರ, ನಾಟಕದವರ ಕೈಯಲ್ಲಿ ಇರುತ್ತದಲ್ಲ, ಅಹುಜಾ ತರದ ಡೈನಾಮಿಕ್ ಮೈಕು, ಅದು ಹತ್ತಿರದ ದನಿಯನ್ನೇ ಹೆಚ್ಚು ಹಿಡಿಯುತ್ತದೆ, ಗದ್ದಲದ ಮನೆಗೆ ಅದೇ ವಾಸಿ. ಆದರೆ ಅದರಿಂದ ಬರುವ ವಿದ್ಯುತ್ ಸಂಕೇತ ಬಹಳ ಸಣ್ಣದು. ನೇರ ಮೊಬೈಲಿಗೆ ಚುಚ್ಚಿದರೆ ಪಿಸುಮಾತಾಗುತ್ತದೆ. ನಡುವೆ ಯುಎಸ್‌ಬಿ ಇಂಟರ್‌ಫೇಸ್ ಅನ್ನುವ ಪೆಟ್ಟಿಗೆ ಬೇಕು, ಅದಕ್ಕೆ ಸಾವಿರಾರು ರೂಪಾಯಿ ಬೇಕು.

ಅದಕ್ಕೆ ಶುರು ಮಾಡುವವರಿಗೆ ನಮ್ಮ ಮಾತು: ವೈರ್ ಇರುವ ಕಾಲರ್ ಮೈಕು ಸಾಕು. ಆದರೆ ಕೊಳ್ಳುವಾಗ ಪಿನ್ನು ನೋಡಿ. ಮೊಬೈಲಿನ ಪಿನ್ನಿಗೆ ಮೂರು ಕಪ್ಪು ಉಂಗುರ, ಕ್ಯಾಮೆರಾ ಪಿನ್ನಿಗೆ ಎರಡು. ಎರಡು ಉಂಗುರದ್ದನ್ನು ಮೊಬೈಲಿಗೆ ಚುಚ್ಚಿದರೆ ಮೊಬೈಲು ಅದನ್ನು ಮೈಕು ಅಂತ ಗುರುತಿಸದೆ ತನ್ನ ಒಳಗಿನ ಮೈಕಿನಿಂದಲೇ ರೆಕಾರ್ಡ್ ಮಾಡುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ಪರೀಕ್ಷೆ ಸುಲಭ: ರೆಕಾರ್ಡ್ ಹಚ್ಚಿ ಕಾಲರ್ ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಕೇಳಿದಾಗ ಕರಕರ ಅಂದರೆ ಮೈಕು ಕೆಲಸ ಮಾಡುತ್ತಿದೆ. ಇಯರ್‌ಫೋನ್ ತೂತು ಇಲ್ಲದ ಮೊಬೈಲಿಗೆ ಟೈಪ್‌-ಸಿ ಕನೆಕ್ಟರ್ ಬೇಕು, ಅದರಲ್ಲೂ ಮೈಕಿಗೆ ನಡೆಯುವಂಥದ್ದೇ ಬೇಕು. ಬರೀ ಹಾಡು ಕೇಳಲು ಮಾಡಿದ್ದು ನಡೆಯುವುದಿಲ್ಲ. ಅಂಗಡಿಯಲ್ಲೇ ನಿಂತು ಹಚ್ಚಿ ನೋಡಿ, ಆಮೇಲೆ ರೊಕ್ಕ ಕೊಡಿ.

ಎಲ್ಲಕ್ಕಿಂತ ಅಗ್ಗದ, ಎಲ್ಲರೂ ಮರೆಯುವ ವಸ್ತು ಇಯರ್‌ಫೋನು. ಎರಡು ನಿಮಿಷ ರೆಕಾರ್ಡ್ ಮಾಡಿ, ಅಲ್ಲೇ ಕಿವಿಗೆ ಹಚ್ಚಿ ಕೇಳಿ, ಸರಿ ಇದ್ದರೆ ಮುಂದೆ ಹೋಗಿ. ಆ ಎರಡು ನಿಮಿಷ ನಾವು ಆವತ್ತು ಕೇಳಿದ್ದರೆ ಅಮ್ಮನನ್ನು ಕಟ್ಟೆಯಿಂದ ಎಬ್ಬಿಸಿ ಒಳಗೆ ಕೂರಿಸುತ್ತಿದ್ದೆವು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕುವುದನ್ನೂ ಮರೆಯಬೇಡಿ, ಪದದ ನಡುವೆ ಫೋನ್ ಬಂದರೆ ಪದ ಮುರಿಯುತ್ತದೆ.

ಅಂಗಡಿಯಿಂದ ಅಂಗಡಿಗೆ ಹೆಚ್ಚುಕಮ್ಮಿ ಇದ್ದರೂ ಲೆಕ್ಕ ಸುಮಾರು ಹೀಗೆ: ಕಾಲರ್ ಮೈಕಿಗೆ 800, ಕೂದಲಿನ ಟೊಪ್ಪಿಗೆಗೆ 200, ಮೊಬೈಲ್ ಸ್ಟ್ಯಾಂಡಿಗೆ 300, ಇಯರ್‌ಫೋನಿಗೆ 350, ಕನೆಕ್ಟರಿಗೆ 150. ಒಟ್ಟು 1800 ರೂಪಾಯಿ. ಕೌದಿ ಮನೆಯದು.

ಯಾವುದು ಗದ್ದಲ, ಯಾವುದು ಹಾಡು?

ವೈರ್‌ಲೆಸ್ ಮೈಕಿನಲ್ಲಿ ಈಗ ಒಂದು ಬಟನ್ ಬಂದಿದೆ. ಒತ್ತಿದರೆ ಹಿಂದಿನ ಸದ್ದನ್ನೆಲ್ಲ ಅಳಿಸುತ್ತದೆ. ಮಾತಿಗೆ ಅದು ಅನುಕೂಲ. ಆದರೆ ತತ್ವಪದದವರ ಮುಂದೆ ಅದನ್ನು ಒತ್ತಿ ನೋಡಿ. ಮಾತು ಬಿಟ್ಟು ಉಳಿದದ್ದೆಲ್ಲ ಗದ್ದಲ ಅಂತ ಅದು ತಿಳಿಯುತ್ತದೆ. ಏಕತಾರಿ ಸಣ್ಣಗಾಗುತ್ತದೆ, ದಮ್ಮಡಿ ತುಂಡಾಗುತ್ತದೆ, ತಾಳ ಮಾಯವಾಗುತ್ತದೆ. ಹಾಡು, ವಾದ್ಯ ಇದ್ದಲ್ಲಿ ಆ ಬಟನ್ ಮುಟ್ಟಬೇಡಿ.

ಮೈಕನ್ನು ಬಿಡಿ, ಇದೇ ಬಟನ್ ನಮ್ಮ ತಲೆಯಲ್ಲೂ ಇದೆ. “ಅಜ್ಜಾ, ಸ್ವಲ್ಪ ಶುದ್ಧ ಕನ್ನಡದಾಗ ಮಾತಾಡ್ರಿ” ಅಂತ ಹೇಳುವ ಹುಡುಗರನ್ನು ನಾವು ನೋಡಿದ್ದೇವೆ. ಅಜ್ಜ ತಡವರಿಸುತ್ತಾನೆ. ಗುಡಿ ಕಟ್ಟೆಯ ಮೇಲೆ ಹರಳು ಹುರಿದ ಹಾಗೆ ಮಾತಾಡುವ ಮನುಷ್ಯ ಮೈಕಿನ ಮುಂದೆ ಮೂಕನಾಗುತ್ತಾನೆ. ಗಂಗಾವತಿ ಪ್ರಾಣೇಶ್ ಅವರ ಮಾತಿಗೆ ಬೆಂಗಳೂರಿನವರೂ ಹೊಟ್ಟೆ ಹಿಡಿದು ನಗುವುದು ಅವರು ಈ ಭಾಗದ ಮಾತನ್ನು ಈ ಭಾಗದ ಹಾಗೆಯೇ ಆಡುವುದರಿಂದ. ಬೆಂಗಳೂರಿನವರಿಗೆ ತಿಳಿಯುವ ನಮ್ಮ ಮಾತು ನಮಗೇ ನಾಚಿಕೆ ಆಯಿತೇ?

2025ರಲ್ಲಿ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕಾಗಿ ಪದ್ಮಶ್ರೀ ಬಂತು. ಜಿಲ್ಲೆಗೇ ಹೆಮ್ಮೆ. ತೊಗಲುಗೊಂಬೆ ಅಂದರೆ ಎಲ್ಲರಿಗೂ ಕಣ್ಣಿಗೆ ಬರುವುದು ಪರದೆಯ ಮೇಲಿನ ಬಣ್ಣದ ಗೊಂಬೆ. ಆದರೆ ಅರ್ಧ ಆಟ ಇರುವುದು ಪರದೆಯ ಹಿಂದಿನ ದನಿಯಲ್ಲಿ, ಕಥೆ ಹೇಳುವ, ಹಾಡುವ, ಪಾತ್ರದಿಂದ ಪಾತ್ರಕ್ಕೆ ಹೊರಳುವ ದನಿಯಲ್ಲಿ. ಫೋಟೊ ಎಲ್ಲರ ಮೊಬೈಲಿನಲ್ಲಿದೆ. ದನಿ ಎಷ್ಟು ಮೊಬೈಲಿನಲ್ಲಿದೆ?

ಎದುರಾಡುವವರಿಗೆ

“ಲೋಗೊ ಇಲ್ಲದಿದ್ದರೆ ಅಧಿಕಾರಿಗಳು ಮಾತೇ ಆಡಲ್ಲ” ಅನ್ನುತ್ತಾರೆ ನಮ್ಮ ಗೆಳೆಯರು. ಇದರಲ್ಲಿ ನಿಜ ಇದೆ. ಲೋಗೊ ಕಂಡರೆ ಕುರ್ಚಿ ಸಿಗುತ್ತದೆ, ಕಾಣದಿದ್ದರೆ ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ಮಾಡಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಕೊನೆಗೆ ಮಾಡಿಸಿ. ಅಧಿಕಾರಿಯ ಮಾತಂತೂ ನಾಳೆ ಪತ್ರಿಕಾ ಪ್ರಕಟಣೆಯಲ್ಲೂ ಬರುತ್ತದೆ. ಬಾವಿ ಬತ್ತಿದವಳ ಮಾತು ನಿಮ್ಮ ಮೈಕಿನಲ್ಲಿ ಬರದಿದ್ದರೆ ಎಲ್ಲೂ ಬರುವುದಿಲ್ಲ.

“ವಿಷಯ ಮುಖ್ಯ, ದನಿ ಹೆಂಗಿದ್ದರೇನು” ಅನ್ನುವವರೂ ಇದ್ದಾರೆ. ವಿಡಿಯೊದಲ್ಲಾದರೆ ಮುಖ ನೋಡಿ ಅರ್ಧ ತಿಳಿಯಬಹುದು. ಪಾಡ್‌ಕಾಸ್ಟಿನಲ್ಲಿ ದನಿ ಬಿಟ್ಟು ಬೇರೇನೂ ಇಲ್ಲ. ಕಳೆ ತೆಗೆಯುತ್ತ, ಟಂಟಂನಲ್ಲಿ ಕುಳಿತು ಕೇಳುವ ಹೆಣ್ಣುಮಗಳು ಅರ್ಧ ನಿಮಿಷ ನೋಡುತ್ತಾಳೆ, ಮಾತು ತಿಳಿಯದಿದ್ದರೆ ಮುಂದಿನದಕ್ಕೆ ಹೋಗುತ್ತಾಳೆ. ಅವಳ ತಪ್ಪಲ್ಲ ಅದು.

“ಇದೆಲ್ಲ ಬೆಂಗಳೂರಿನವರ ಹವ್ಯಾಸ” ಅನ್ನುವವರಿಗೆ ಎರಡು ನೆನಪು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನುವ ಮನಃಶಾಸ್ತ್ರದ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಅನ್ನುವ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. ಅಂದರೆ ಕನ್ನಡದ ರೇಡಿಯೊ ಹುಟ್ಟಿದ್ದೇ ಒಂದು ಮನೆಯ ಕೋಣೆಯಲ್ಲಿ. 2000ದ ದಶಕದ ಆರಂಭದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ನಡೆಸಿದವರು ಹಳ್ಳಿಯವರೇ, ಅವರಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ಇದ್ದರು. ಆಗ ಹಳ್ಳಿಯವರಿಗೆ ರೇಡಿಯೊ ಲೈಸೆನ್ಸ್ ಸಿಗುತ್ತಿರಲಿಲ್ಲ. ಕೇಬಲ್ ವೈರಿನ ಮೂಲಕ ಮನೆಮನೆಗೆ ದನಿ ಕಳಿಸಿದರು. ಸಮುದಾಯ ರೇಡಿಯೊ ನಡೆಸಲು ಸಂಘ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಅವಕಾಶ ಕೊಟ್ಟದ್ದು 2006ರಲ್ಲಿ. ಇವತ್ತು ನಿಮ್ಮ ಪಾಡ್‌ಕಾಸ್ಟಿಗೆ ಲೈಸೆನ್ಸೂ ಬೇಡ, ಕೇಬಲ್ಲೂ ಬೇಡ. ಅವರಿಗಿದ್ದ ಅಡ್ಡಿ ಒಂದೂ ನಮಗಿಲ್ಲ. ಆದರೂ ನಾವು ಲೋಗೊ ಬಣ್ಣದ ಬಗ್ಗೆ ಜಗಳ ಮಾಡುತ್ತಿದ್ದೇವೆ.

ನಾವು ಕೇಳುವುದು ಇಷ್ಟು

ಪ್ರತಿಯೊಬ್ಬ ಹುಡುಗನೂ ಸಾಲ ಮಾಡಿ ಕಿಟ್ ಕೊಳ್ಳಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಪುಸ್ತಕ ಇಟ್ಟ ಹಾಗೆ ಒಂದು ಡಬ್ಬಿ ಇಡಲಿ. ಅದರಲ್ಲಿ ಒಂದು ಕಾಲರ್ ಮೈಕು, ಒಂದು ಕೂದಲಿನ ಟೊಪ್ಪಿಗೆ, ಒಂದು ಸ್ಟ್ಯಾಂಡು, ಒಂದು ಇಯರ್‌ಫೋನು, ಎರಡು ತರದ ಕನೆಕ್ಟರು. ಎರಡು ಸಾವಿರ ರೂಪಾಯಿ ಒಳಗಿನ ಕೆಲಸ. ಪುಸ್ತಕದಂತೆ ಸಹಿ ಮಾಡಿ ಒಯ್ಯಲಿ, ತಿರುಗಿ ತಂದಿಡಲಿ. ರೆಕಾರ್ಡ್ ಮಾಡಿದ್ದರ ಒಂದು ಪ್ರತಿ ಅಲ್ಲಿನ ಕಂಪ್ಯೂಟರಿನಲ್ಲೂ ಉಳಿಯಲಿ, ಹಾಡಿದವರು ಒಪ್ಪಿದರೆ ಮಾತ್ರ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ. ನಾವೂ ನಮ್ಮ ನಮ್ಮ ಊರಲ್ಲಿ ಕೇಳುತ್ತೇವೆ.

ಕೊನೆಗೆ ಒಂದು ಎಚ್ಚರಿಕೆ. ರೆಕಾರ್ಡ್ ಆದದ್ದನ್ನು ವಾಟ್ಸಾಪಿನಲ್ಲಿ ಹಾಗೇ ಕಳಿಸಿ ಮೂಲವನ್ನು ಅಳಿಸಬೇಡಿ. ಕಳಿಸುವಾಗ ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ, ದನಿ ಕುಗ್ಗುವುದಿಲ್ಲ. ಮೆಮೊರಿ ತುಂಬಿತು ಅಂತ ಅಳಿಸುವ ಮೊದಲು ಯಾವುದನ್ನು ಅಳಿಸುತ್ತಿದ್ದೀರಿ ನೋಡಿ.

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಜೀವಮಾನವಿಡೀ “ರೈಲು ಬರತೈತಂತ” ಅಂತ ಕೇಳುತ್ತ ಬಂದ ಹಿರಿಯರು ಊರೂರಲ್ಲಿ ಇದ್ದಾರೆ. ಅವರ ನೆನಪು ಯಾವ ಪತ್ರಿಕೆಯಲ್ಲೂ ಇಲ್ಲ. ಬರಗಾಲದಲ್ಲಿ ಗುಳೆ ಹೋದವರು, ಅಣೆಕಟ್ಟೆಯಲ್ಲಿ ಊರು ಮುಳುಗಿಸಿಕೊಂಡವರು, ಕಿನ್ನಾಳದ ಗೊಂಬೆಗೆ ಬಣ್ಣ ಹಚ್ಚುತ್ತ ಮುಪ್ಪಾದವರು, ಎಲ್ಲರೂ ನಿಮ್ಮ ಓಣಿಯಲ್ಲೇ, ನಿಮ್ಮ ಮನೆಯಲ್ಲೇ ಇದ್ದಾರೆ.

ಈ ಭಾನುವಾರ ಒಬ್ಬರ ಹತ್ತಿರ ಕೂರಿ. ಬೆನ್ನ ಹಿಂದೆ ಕೌದಿ ಕಟ್ಟಿ, ಮೈಕನ್ನು ಅವರ ಬಾಯಿಗೆ ಗೇಣು ದೂರದಲ್ಲಿಡಿ. ಎರಡು ನಿಮಿಷ ಹಿಡಿದು ಕೇಳಿ. ಸರಿ ಬಂದಿದ್ದರೆ ನೀವು ಸುಮ್ಮನಿದ್ದು ಅವರನ್ನು ಮಾತಾಡಲು ಬಿಡಿ.

ನಾಳೆ ಅವರ ಮನೆಯವರು “ಆ ದನಿ ಹಚ್ಚರಿ” ಅಂತ ಕೇಳಿದಾಗ ನಮ್ಮ ಹಾಗೆ ಗಾಳಿ ಹಚ್ಚುವ ಪಾಳಿ ನಿಮಗೆ ಬರದಿರಲಿ.